ಟ್ರಾಕ್ಟರಿನ ಮುಖ ಯಾವ ಕಡೆಗೆ?

ಪಕ್ಕದ ಕೋಣೆಯವರು ಸೀಮೆಎಣ್ಣೆ ಸ್ಟೌ ಹಚ್ಚಿದರೆ ನನಗೆ ಓದು ಹತ್ತುವುದಿಲ್ಲ. ಆ ವಾಸನೆ ಮೂಗಿಗೆ ಬಿದ್ದೊಡನೆ ಕಾನೂನಿನ ಪುಸ್ತಕ ತಾನಾಗಿ ಮುಚ್ಚಿಕೊಂಡು, ಸಮೇತನಹಳ್ಳಿಯಾಚೆಯ ನಮ್ಮೂರಿನ ಆಲೆಮನೆಯೂ, ಅದರ ಮುಂದೆ ಮೊಂಡು ಹಿಡಿದು ನಿಂತ ಟ್ರಾಕ್ಟರೂ ಎದುರಿಗೆ ಬರುತ್ತವೆ. ನೀವು ಚರ್ಚಾಸ್ಪರ್ಧೆಗಳಲ್ಲಿ ಸೋತವರಾದರೆ ಇದನ್ನು ಓದಿ ಸಮಾಧಾನಪಡಬಹುದು. ಗೆದ್ದವರಾದರೆ ಬನ್ನಿ, ಇಬ್ಬರೂ ಸೇರಿ ಸುಸ್ತಾಗೋಣ.

ಆಗ ಎರಡನೆಯ ಮಹಾಯುದ್ಧ ಮುಗಿದ ಹೊಸತು. ತೋಟ ಮಾರಿ ತನ್ನ ಸೀಮೆಗೆ ಹೊರಟ ಬಿಳಿಯ ದೊರೆಯೊಬ್ಬನಿಂದ ಅಣ್ಣ ಆ ಹಳೆಯ ಟ್ರಾಕ್ಟರನ್ನು ತಂದಿದ್ದ. ಕಬ್ಬಿಣದ ಗಾಲಿ, ನೆಗಡಿ ಹಿಡಿದ ಮುದುಕನ ಸದ್ದು. ಅದರ ಹಿಂಭಾಗಕ್ಕೆ ಒಂದು ಪೆಟ್ಟಿಗೆ ಬಿಗಿದಿತ್ತು. ಇಂಜಿನಿನ ಬಲವನ್ನು ಪಕ್ಕದ ರಾಟೆಗೆ ಕೊಡುವುದು ಅದರ ಕೆಲಸ. ರಾಟೆಯಿಂದ ಬೆಲ್ಟು ಹೋಗಿ ಕಬ್ಬಿನ ಗಾಣವನ್ನು ತಿರುಗಿಸಬೇಕು. ಆ ಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳಿಗೆ ಮುರಿಯಲು ಬೇರೆ ಕಾಲ ಸಿಗಲಿಲ್ಲ. ಕಬ್ಬು ಕಡಿದು ರಾಶಿ ಹಾಕಿದ್ದೆವು, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳುಗಳು ಬಂದು ಕೂತಿದ್ದರು.

ಟ್ರಾಕ್ಟರು ಬಂದ ದಿನದಿಂದ ದೊಡ್ಡಪ್ಪನಿಗೆ ಅದು ಸೇರದು. ಸಾಲದ್ದಕ್ಕೆ ಮನೆಯ ಯಜಮಾನರೂ ಅವರೇ. "ಇವತ್ತು ಹೊತ್ತು ಮುಳುಗೋದ್ರೊಳಗೆ ಗಾಣ ತಿರುಗಲಿಲ್ವಾ, ನಾಳೆ ಇದನ್ನ ಗುಜರಿಗೆ ಹಾಕಿ ಎತ್ತು ತರ್ತೀನಿ" ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಅಣ್ಣ ಎದ್ದು ಟ್ರಾಕ್ಟರಿನ ಅಡಿಗೆ ನುಸುಳಿದ. ಅವನಿಗೆ ಆ ಯಂತ್ರದ ಮೇಲೆ ಎಂಥ ಪ್ರೀತಿ ಎಂದರೆ, ಅತ್ತಿಗೆ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

ಹೊಸಕೋಟೆಯಿಂದ ಮೆಕ್ಯಾನಿಕ್ ಬಾಷಾ ಸಾಬರು ಇನ್ನಾವುದೋ ಸತ್ತ ಟ್ರಾಕ್ಟರಿನ ಪೆಟ್ಟಿಗೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಹಳೆಯದರ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಸುರಿದೆವು, ಕಾದೆವು, ಬಡಿದೆವು, ಮತ್ತೆ ಸುರಿದೆವು. ಹುಣಸೆಕೊಂಬೆಗೆ ಹಗ್ಗ ಹಾಕಿ ಹಳೆಯದನ್ನು ಇಳಿಸಿ, ಹೊಸದನ್ನು ಏರಿಸಿದೆವು. ನಾನು ಹಗ್ಗದ ತುದಿ ಹಿಡಿದು ಯಂತ್ರಯುಗದ ಕುರಿತು ಮಾತನಾಡುತ್ತಿದ್ದೆ. "ಮಾತು ಆಮೇಲೆ ಆಡೋ, ಹಗ್ಗ ಜಾರ್ತೈತೆ" ಎಂದ ಅಣ್ಣ.

ಕೊನೆಗೂ ಇಂಜಿನು ಕೆಮ್ಮಿತು, ಬೆಲ್ಟು ಓಡಿತು, ಗಾಣ ತಿರುಗಿತು. ದೊಡ್ಡಪ್ಪ ಕೈಮುಗಿದು ಮೊದಲ ಜಲ್ಲೆ ಕೊಟ್ಟರು. ಗಾಣ ಅದನ್ನು ಅವರ ಎದೆಗೇ ವಾಪಸು ನೂಕಿತು.

"ಏನ್ಲಾ ಇದು, ಕೊಟ್ಟಿದ್ನೆಲ್ಲಾ ಉಗೀತೈತೆ!"

"ಬೇರೆ ಗಾಡೀ ಪೆಟ್ಟಿಗೆ ಯಜಮಾನ್ರೇ, ಉಲ್ಟಾ ತಿರುಗ್ತದೆ" ಎಂದರು ಬಾಷಾ ಸಾಬರು. ಬೆಲ್ಟನ್ನು ಕತ್ತರಿಯಂತೆ ಅಡ್ಡಹಾಯಿಸಿ ಹಾಕಿ ನೋಡಿದರು. ತೇಪೆಯ ಬೆಲ್ಟು ತನಗೆ ತಾನೇ ಉಜ್ಜಿಕೊಂಡು ಕಳಚಿ ಬಿತ್ತು. "ಇನ್ನೊಂದೇ ದಾರಿ. ಟ್ರಾಕ್ಟರ್‌ನೇ ತಿರುಗಿಸಿ ನಿಲ್ಸೋದು."

ತಿರುಗಿಸಿದರೆ ಅದರ ಮೂತಿ ತೆಂಕಲಿಗೆ. ನಮ್ಮಲ್ಲಿ ಗಾಣ ಹೂಡುವ ದಿನ ಎತ್ತನ್ನು ಆ ದಿಕ್ಕಿಗೆ ಮುಖಮಾಡಿ ನಿಲ್ಲಿಸುವುದಿಲ್ಲ. "ಯಮನ ಕಡೆ ನೋಡ್ಕೊಂಡು ಬೆಲ್ಲ ಮಾಡ್ತಾರೇನ್ಲಾ?" ಎಂದು ದೊಡ್ಡಪ್ಪ ಟವಲು ಕೊಡವಿದರು. ಮುಯ್ಯಾಳುಗಳೂ ಎದ್ದು ನಿಂತರು.

ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆದೆ. ಭೂಮಿ ಗುಂಡಗಿದೆ, ದಿಕ್ಕು ನಾವಿಟ್ಟುಕೊಂಡ ಹೆಸರು, ಕಬ್ಬಿಣಕ್ಕೆ ಯಮನ ಭಯವಿಲ್ಲ. ಒಂದೊಂದು ಮಾತೂ ಸತ್ಯ. ಒಂದು ಮಾತಿಗೂ ಯಾರೂ ಕದಲಲಿಲ್ಲ. ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತಿತ್ತು. ಅಣ್ಣ ಗಾಲಿಗೆ ಒರಗಿ ಕೂತು, "ಸಾಕು ಬುಡೋ. ಮಾರ್ಕೊಳ್ಲಿ" ಎಂದ. ಆ ದನಿ ಕೇಳಿ ನನಗೆ ಸತ್ಯದ ಮೇಲಿನ ಆಸೆಯೇ ಹೋಯಿತು.

"ದೊಡ್ಡಪ್ಪ, ಎತ್ತಿಗೆ ನೊಗ ಎಲ್ಲಿರ್ತೈತೆ?" ಎಂದೆ.

"ಮುಂದ್ಗಡೆ. ಇನ್ನೆಲ್ಲಿ, ಬಾಲದಾಗಾ?"

"ಇದಕ್ಕೆ ನೊಗ ಯಾವುದು?"

ದೊಡ್ಡಪ್ಪ ಟ್ರಾಕ್ಟರನ್ನು ಒಂದು ಸುತ್ತು ಬಂದು ಪೆಟ್ಟಿಗೆಯ ಮುಂದೆ ನಿಂತರು. "ಗಾಣ ಎಳೆಯೋದು ಇದೇ ಅಲ್ವಾ? ಹಂಗಾದ್ರೆ ಇದೇ."

"ಅಂದ್ಮೇಲೆ ಮುಖಾನೂ ಅದೇ. ಗಾಡಿ ತಿರುಗಿಸಿದ್ರೆ ಮುಖ ಬಡಗಲಿಗೆ ಬತ್ತೈತೆ."

ಬಾಷಾ ಸಾಬರು ಗಡ್ಡ ಕೆರೆದುಕೊಂಡರು. "ಹಾಗಾದ್ರೆ ಇಷ್ಟೊತ್ತೂ ತೆಂಕಲಿಗೇ ನಿಂತಿತ್ತಲ್ಲ?"

ನನ್ನ ವಾದ ಅಲ್ಲಿಗೆ ಸತ್ತಿತೆಂದುಕೊಂಡೆ. ದೊಡ್ಡಪ್ಪನ ಕಣ್ಣು ಅರಳಿತು. "ಅದ್ಕೇ ಕಣಯ್ಯಾ ಉಗುಳಿದ್ದು!"

ಟ್ರಾಕ್ಟರು ತಿರುಗಿತು, ಹಿಂದಿನ ಪೆಟ್ಟಿಗೆಗೆ ಅರಿಶಿನ ಕುಂಕುಮ ಬಿತ್ತು, ಗಾಣ ಕಬ್ಬನ್ನು ನುಂಗಿತು. ಕಬ್ಬಿನ ಹಾಲು ಸುರಿಯತೊಡಗಿದಾಗ ಅಣ್ಣ ನನ್ನ ಬೆನ್ನಿಗೆ ಗ್ರೀಸಿನ ಕೈಯಲ್ಲೇ ಗುದ್ದಿದ. ಆ ಅಂಗಿಯ ಕಲೆ ಹೋಗಲಿಲ್ಲ; ಹೋಗಲೆಂದು ನಾನೂ ಹೆಚ್ಚು ಉಜ್ಜಲಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆ. ಆವತಿಯ ಕಡೆಯ ರೈತರೊಬ್ಬರು ಹೊಸ ಟ್ರಾಕ್ಟರು ಕೊಂಡು ಅಣ್ಣನಿಗೆ ತೋರಿಸಲು ತಂದಿದ್ದರು. ಹಿಂಭಾಗಕ್ಕೆ ಹೂವಿನ ಹಾರ, ಅಲ್ಲೇ ತೆಂಗಿನಕಾಯಿ. ಇದೆಲ್ಲ ಸುಳ್ಳು, ನಾನೇ ಆ ಹೊತ್ತಿಗೆ ಹುಟ್ಟಿಸಿದ ಮಾತು ಎಂದು ಅವರಿಗೆ ವಿವರವಾಗಿ ಹೇಳಿದೆ. ತಾಳ್ಮೆಯಿಂದ ಕೇಳಿ, "ನೊಗ ಎಲ್ಲೈತೋ ಮುಖ ಅಲ್ಲೇ ಅಲ್ವಾ ಸ್ವಾಮಿ? ಓದಿದೋರು ಇಷ್ಟೂ ಯೋಚ್ನೆ ಮಾಡ್ಬಾರ್ದಾ?" ಎಂದರು. ಅಣ್ಣ ಬೇರೆ ಕಡೆ ನೋಡುತ್ತಿದ್ದ. ಅವನ ಭುಜ ಕುಲುಕುತ್ತಿತ್ತು.

ಈ ಶನಿವಾರ ಕಾಲೇಜಿನಲ್ಲಿ ಚರ್ಚೆಯಿದೆ. ತರ್ಕದಿಂದ ಮೂಢನಂಬಿಕೆ ಅಳಿಯುತ್ತದೆ ಎಂಬ ಕಡೆಗೆ ನಾನು ಮೊದಲ ಭಾಷಣಕಾರ. ನಿನ್ನೆ ರಾತ್ರಿ ಚರ್ಚಾಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದ. ನನ್ನ ಹೆಸರು ತೆಗೆದುಬಿಡು ಎಂದೆ. ಕಾರಣ ಕೇಳಿದ. ಸುಸ್ತಾಗಿದೆ ಎಂದೆ.

"ಅದೊಂದು ವಾದವಾ?" ಎಂದ.

"ಅಲ್ಲ" ಎಂದು ಒಪ್ಪಿಕೊಂಡೆ. ಎಷ್ಟೋ ವರ್ಷಗಳ ಮೇಲೆ, ಒಪ್ಪಿಕೊಂಡು ಹಾಯಾಗಿ ಮಲಗಿದೆ.