ನೀಲಿ ಕೂದಲಿನವಳ ಪಕ್ಷ

೧೯೮೬ರ ಸುಮಾರಿಗೆ ಖಾನಾಪುರದಲ್ಲಿ ಜಪಾನಿನ ಕಾರ್ಟೂನುಗಳ ಬಗ್ಗೆ ತೀರ್ಪು ಕೊಡುವ ಅಧಿಕಾರವಿದ್ದದ್ದು ಅನ್ವರಿ ಎಂಬಾಕೆಗೆ ಮಾತ್ರ. ಕುವೈತಿನಲ್ಲಿ ಡ್ರೈವರ್ ಆಗಿದ್ದ ಅವಳ ಗಂಡ ಕಲಂದರ, ಅಲ್ಲಿನ ಟೀವಿಯಲ್ಲಿ ಅರಬ್ಬಿ ಮಾತಿನೊಂದಿಗೆ ಬರುತ್ತಿದ್ದ ಆ ಧಾರಾವಾಹಿಗಳನ್ನು ವಿಡಿಯೋ ಕ್ಯಾಸೆಟ್ಟಿಗಿಳಿಸಿ, ರಜೆಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಮಾತು ಒಂದೂ ತಿಳಿಯದಿದ್ದರೂ ಅವಳ ತೀರ್ಪಿಗೆ ಅದು ಅಡ್ಡಿಯಾಗುತ್ತಿರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಕಾಶವ್ವ ಬಂದು ಕೂರುವಳು. ಇಬ್ಬರೂ ನೋಡುವುದಕ್ಕಿಂತ ವಾದಿಸುವುದೇ ಹೆಚ್ಚು. “ಆ ನೀಲಿ ಕೂದಲಿನ ಹುಡುಗಿ ಖರೇನ ಶಾಣ್ಯಾಕಿ,” ಎಂದು ಕಾಶವ್ವ ಅಂದರೆ, “ಶಾಣ್ಯಾಕಿ ಏನ್ರೀ ಅಕ್ಕಾ! ಹಡಗ ಮುಳಗಾಕತ್ತೈತಿ, ಆಕಿ ಕೂದಲಾ ಬಾಚ್ಕೋತ ನಿಂತಾಳ!” ಎಂದು ಅನ್ವರಿ ಟೀವಿಯನ್ನೇ ಗದರುವಳು. ಒಲೆಯ ಮೇಲೆ ರೊಟ್ಟಿ ಹೊತ್ತಿದರೂ ಏಳುತ್ತಿರಲಿಲ್ಲ. ಆಮೇಲೆ ಗಂಡನಿಗೆ ಪತ್ರ: ಎಂಟು ಪುಟ, ಎಂಟೂ ಕಾರ್ಟೂನಿನದೇ. ಅವನ ಉತ್ತರವೂ ಹಾಗೆಯೇ. ಅವನು ನೀಲಿ ಕೂದಲಿನವಳ ಪಕ್ಷ. ಒಂದು ದಿನ ಅನ್ವರಿ ಪತ್ರ ಬರೆಯುವಾಗ ಕಾಶವ್ವ ಕೇಳಿಯೇಬಿಟ್ಟಳು: “ಐದ ವರ್ಷಾತು ಅಂವ ಹೋಗಿ. ಮನಿ ಸುದ್ದಿ ಒಂದ ಸಾಲೂ ಬರ್ಯೂದಿಲ್ಲಲ್ಲ ನೀ?” ಅನ್ವರಿ ಪೆನ್ನು ಕೆಳಗಿಟ್ಟಳು. “ಮೊದಲ ಬರೀತಿದ್ದೆರೀ. ಅವ್ರ ಅವ್ವ ತೀರ್ಕೊಂಡದ್ದ ಬರದೆ. ಮಣ್ಣಿಗಿ ಬರಾಕ ಆಗಲಿಲ್ಲಂತ ಕೊರಗಿ, ಎರಡ ತಿಂಗಳ ಅವ್ರು ಉತ್ತರಾನ ಬರೀಲಿಲ್ಲ. ಈಗ ಹಿಂಗ ಜಗಳಾಡಿದ್ರ, ಇಬ್ಬರೂ ಒಂದ ಮನ್ಯಾಗ ಕುಂತಂಗ ಆಗ್ತೈತಿ.” ಕಾಶವ್ವ ಹತ್ತಿರ ಸರಿದು ಕೂತು, “ನಂದೂ ಬರಿ ಅದರಾಗ,” ಎಂದಳು. “ಕಾಶವ್ವ ಕಲಂದರನ ಕಡಿಗೇ ಅದಾಳ ಅಂತ ಬರಿ.”