ಹನ್ನೊಂದನೇ ಕಾಲಂ ಮತ್ತು ಕೊಲಂಬೊ

ಮೊದಲಿಗೆ ಕ್ಷಮೆ ಕೋರುತ್ತೇನೆ. ಈ ವಾರ ಹೇಳಹೊರಟಿರುವುದು ನನ್ನದೇ ವಿಷಯ, ಮತ್ತು ಸ್ವಂತ ವಿಷಯವನ್ನು ಕ್ರಮವಾಗಿ ಹೇಳುವ ಅಭ್ಯಾಸ ನನಗಿಲ್ಲ. ಎಲ್ಲಾದರೂ ಅತಿಯಾದರೆ, ಎಲ್ಲಾದರೂ ಕೊರತೆಯಾದರೆ, ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು ಎಂಬುದನ್ನು ನೆನೆದು ಮನ್ನಿಸಬೇಕು.

ಕಳೆದ ತಿಂಗಳು ನನ್ನ ಪ್ರೀತಿಯ ವಿಚಾರವನ್ನು ಏಳು ಮಂದಿ ಸರ್ಕಾರಿ ನೌಕರರು ಓದಿ, ಟಿಪ್ಪಣಿ ಬರೆದು, ಮುಂದಿನ ಮೇಜಿಗೆ ಕಳುಹಿಸಿದರು. ನನ್ನ ಅಪ್ಪ-ಅಮ್ಮನಿಗೆ ಆಗ ಇನ್ನೂ ಗೊತ್ತಿರಲಿಲ್ಲ.

ನಾನು ಕೊಚ್ಚಿಯ ಒಂದು ಸರ್ಕಾರಿ ಕಚೇರಿಯಲ್ಲಿದ್ದೇನೆ, ಕಳಮಶ್ಶೇರಿಯಲ್ಲಿ ಬಾಡಿಗೆ ಕೋಣೆ ಎಂಬುದು ಹಳೆಯ ಓದುಗರಿಗೆ ತಿಳಿದಿದೆ. ಗಿರೀಶರ ವಿಷಯ ಮಾತ್ರ ಇದುವರೆಗೆ ಬರೆದಿರಲಿಲ್ಲ. ಅವರು ಧಾರವಾಡದ ಕಡೆಯವರು, ಬಂದರಿನ ಕ್ರೇನುಗಳ ಎಂಜಿನಿಯರು. ಎರಡು ವರ್ಷಗಳ ಹಿಂದೆ ಇಲಾಖೆಯ ತರಬೇತಿಗೆಂದು ತಿರುವನಂತಪುರಕ್ಕೆ ಹೋಗಿದ್ದಾಗ, ಒಂದು ಭಾನುವಾರ ನಾವು ನಾಲ್ವರು ಹುಡುಗಿಯರು ಹತ್ತಿರದ ವಿಳಿಂಜಂ ಬಂದರು ನೋಡಲು ಹೊರಟೆವು. ಅಲ್ಲಿನ ಚಹಾದಂಗಡಿಯಲ್ಲಿ ಯಾರೋ ಫೋನಿನಲ್ಲಿ, ‘ಏ ಯವ್ವಾ, ಊಟಾ ಮಾಡೇನಿ, ಎಷ್ಟ್ ಸಲಾ ಕೇಳ್ತಿ?’ ಎಂದು ಕೂಗುತ್ತಿದ್ದರು. ಕೇರಳದ ದಕ್ಷಿಣ ತುದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ತಲೆ ತಾನಾಗಿ ತಿರುಗುತ್ತದೆ. ನನ್ನದೂ ತಿರುಗಿತು.

ಹಾಗೆ ಸಿಕ್ಕಿದ ಗಿರೀಶರನ್ನು ಈಗ ಅವರ ಕಂಪನಿ ಕೊಲಂಬೊ ಬಂದರಿಗೆ ಕಳುಹಿಸಿದೆ. ಕೊಲಂಬೊ ಎಷ್ಟು ದೂರ? ತಿರುವನಂತಪುರದಲ್ಲಿ ವಿಮಾನ ಹತ್ತಿದರೆ, ತಿಂಡಿಯ ಪೊಟ್ಟಣ ಬಿಡಿಸುವಷ್ಟರಲ್ಲಿ ಇಳಿಯಬೇಕಂತೆ. ಅದೇ ತಿರುವನಂತಪುರದಿಂದ ಕಾಸರಗೋಡಿನ ನಮ್ಮ ಕುಂಬಳೆಗೆ ಇಡೀ ರಾತ್ರಿಯ ರೈಲು. ಆದರೂ ಕುಂಬಳೆ ಊರು, ಕೊಲಂಬೊ ವಿದೇಶ!

ಇನ್ನೆರಡು ವರ್ಷ ಅಲ್ಲಿಯೇ ಉಳಿಯುವಿರೋ, ವಿಳಿಂಜಂಗೆ ಮರಳುವಿರೋ ಎಂದು ಕಂಪನಿ ಗಿರೀಶರನ್ನು ಕೇಳಿತು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಅವರಿಗೆ ರಜೆಯಿಲ್ಲ. ನನ್ನನ್ನು ಕರೆದರು.

‘ಒಂದ್ ಸಲಾ ಬಂದು ನಾ ಹೆಂಗ್ ಇರ್ತೀನಿ ನೋಡ್ರಿ. ನೋಡಲಾರದ ಹೂಂ ಅನಬ್ಯಾಡ್ರಿ, ಒಲ್ಲೆ ಅಂತನೂ ಅನಬ್ಯಾಡ್ರಿ.’

ನ್ಯಾಯವಾದ ಮಾತು. ಆದರೆ ಸರ್ಕಾರಿ ನೌಕರರು ಗಡಿ ದಾಟಬೇಕಾದರೆ ಮೇಲಿನವರ ಅನುಮತಿ ಪಡೆಯಬೇಕು. ಅದಕ್ಕೊಂದು ಅರ್ಜಿ. ಆ ಅರ್ಜಿಯ ಹನ್ನೊಂದನೇ ಕಾಲಂ ಹೀಗಿದೆ: ‘ವಿದೇಶದಲ್ಲಿ ಭೇಟಿಯಾಗುವ ವ್ಯಕ್ತಿ ಯಾರು? ಅವರೊಂದಿಗೆ ನಿಮ್ಮ ಸಂಬಂಧವೇನು?’

ಇದಕ್ಕೆ ಏನೆಂದು ಬರೆಯುವುದು? ನೀವಾದರೆ ಏನು ಬರೆಯುತ್ತಿದ್ದಿರಿ?

ಪಕ್ಕದ ಮೇಜಿನ ಲತಾ ಚೇಚಿಗೆ (ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ, ಮೋಳೇ ಎಂದರೆ ಮಗಳೇ) ಇಂಥ ಸಂಕಟಗಳೇ ಇಲ್ಲ. ‘ಮೋಳೇ, ಟೂರಿಸಂ ಎಂದು ಬರೆ, ಹನ್ನೊಂದಕ್ಕೆ ಒಂದು ಗೆರೆ ಎಳೆ. ಎಲ್ಲರೂ ಮಾಡುವುದು ಅದನ್ನೇ. ನಿನ್ನನ್ನು ಯಾರು ಕೇಳುತ್ತಾರೆ?’ ಎಂದರು.

ಗೆರೆ ಎಳೆಯಲು ನನ್ನಿಂದಾಗಲಿಲ್ಲ. ಅದಕ್ಕೆ ಕಾರಣವಿದೆ. ನನ್ನ ಅಪ್ಪ ಐತಪ್ಪ ಟೈಲರ್ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದವರು. ಮನೆಗೆ ಬರುವ ಕಾಗದಗಳೆಲ್ಲ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದವು. ಐದನೇ ಕ್ಲಾಸಿನಿಂದ ಅವುಗಳನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಒಮ್ಮೆ ವಿದ್ಯುತ್ ಕಚೇರಿಯ ಚೀಟಿಯಲ್ಲಿ ಅರ್ಥವಾಗದ ಒಂದು ಸಾಲನ್ನು ಹಾರಿಸಿ, ‘ಎಂತದೂ ಇಲ್ಲ ಅಪ್ಪ’ ಎಂದೆ. ಮರುದಿನ ಇಡೀ ದಿನ ಕರೆಂಟಿಲ್ಲ. ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕುಳಿತಿತು, ಮದುಮಗಳೊಬ್ಬಳು ಸುಕ್ಕುಬಿದ್ದ ರವಿಕೆಯಲ್ಲಿಯೇ ಮಂಟಪ ಹತ್ತಿದಳು. ಅಪ್ಪ ಬೈಯಲಿಲ್ಲ. ‘ಕಾಗದದಲ್ಲಿ ಒಂದು ಸಾಲು ಬಿಟ್ಟರೆ ಯಾರಿಗಾದರೂ ಪೆಟ್ಟು ಬೀಳುತ್ತದೆ’ ಎಂದರು, ಅಷ್ಟೇ. ಅಂದಿನಿಂದ ಯಾವ ಕಾಲಮನ್ನೂ ನಾನು ಖಾಲಿ ಬಿಟ್ಟವಳಲ್ಲ.

ಸತ್ಯ ಬರೆಯಬೇಕು. ಆದರೆ ಕಚೇರಿಯಲ್ಲಿ ಯಾರೂ ಓದಬಾರದು. ಆಗ ನನಗೊಂದು ಉಪಾಯ ಹೊಳೆಯಿತು. (ಉಪಾಯ ಎಂದು ಅಂದುಕೊಂಡಿದ್ದೆ.) ಕಾಸರಗೋಡಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿಯೇ ಬರೆಯಬಹುದು, ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ. ನಮ್ಮ ಕಚೇರಿಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಇನ್ನೇನು ಬೇಕು? ಹತ್ತು ಕಾಲಂಗಳನ್ನು ಇಂಗ್ಲಿಷಿನಲ್ಲಿ ತುಂಬಿದೆ. ಹನ್ನೊಂದರಲ್ಲಿ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಬರೆದೆ:

‘ಇವರನ್ನು ನಾನು ಇಷ್ಟಪಟ್ಟಿದ್ದೇನೆ. ಮದುವೆಯ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನಿಸುವ ಸಲುವಾಗಿಯೇ ಈ ಪ್ರಯಾಣ.’

ಹೋರಾಡಿ ಪಡೆದ ಹಕ್ಕನ್ನು ಗುಟ್ಟು ಮುಚ್ಚಿಡಲು ಬಳಸಿಕೊಂಡವಳು ನಾನೇ ಮೊದಲಿಗಳಿರಬೇಕು. ಶಿಕ್ಷೆಯೂ ತಕ್ಕ ಹಾಗೆಯೇ ಆಯಿತು.

ಮಲಯಾಳದಲ್ಲಿ ಬರೆದಿದ್ದರೆ ಒಬ್ಬರು ಓದಿ, ನಕ್ಕು, ಮರೆಯುತ್ತಿದ್ದರು. ಕನ್ನಡದಲ್ಲಿದ್ದುದರಿಂದ ಅದು ‘ವಿಷಯ’ವಾಯಿತು. ಒಬ್ಬರು ‘ಓದಲಾಗುತ್ತಿಲ್ಲ’ ಎಂದು ಟಿಪ್ಪಣಿ ಹಾಕಿದರು. ಇನ್ನೊಬ್ಬರು ‘ಅಧಿಕೃತ ಅನುವಾದ ಪಡೆಯಬಹುದು’ ಎಂದರು. ಮೂರನೆಯವರು ‘ಹೌದು’ ಎಂದರು. ಕಡತ ತಿರುವನಂತಪುರದ ಅನುವಾದ ಕಚೇರಿಗೆ ಹೋಯಿತು.

‘ನೀನು ಹನ್ನೊಂದರಲ್ಲಿ ಕವಿತೆ ಬರೆದೆಯಾ ಮೋಳೇ?’ ಎಂದು ಲತಾ ಚೇಚಿ ಕೇಳಿದರು. ಮರುದಿನವೇ ರಜೆ ಹಾಕಿ, ಮೊದಲ ಮೆಟ್ರೋ ಹಿಡಿದು ಎರ್ನಾಕುಲಂ ರೈಲು ನಿಲ್ದಾಣ ಸೇರಿದೆ.

ತಿರುವನಂತಪುರದ ಆ ಕಚೇರಿಯಲ್ಲಿ ಕನ್ನಡ ಅನುವಾದಕರು ಒಬ್ಬರೇ. ಹೆಸರು ಶ್ರೀಪತಿ. ನಿವೃತ್ತಿಯ ಅಂಚಿನಲ್ಲಿರುವವರು. ನನ್ನ ಅರ್ಜಿ ಅವರ ಮೇಜಿನ ಮೇಲೆಯೇ ಇತ್ತು. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

‘ತಂದೆಯ ಹೆಸರು ಐತಪ್ಪ, ಕುಂಬಳೆ ಎಂದುಂಟಲ್ಲ. ನೀನು ಐತಪ್ಪ ಟೈಲರನ ಮಗಳಾ?’

ನಾನು ತಲೆಯಾಡಿಸಿದೆ.

‘ಅವ ಹೊಲಿದ ಚಡ್ಡಿಯಲ್ಲೇ ಮಾರಾಯ್ತಿ, ನಾನು ಹೈಸ್ಕೂಲು ಮುಗಿಸಿದ್ದು! ಬೆಳೆಯುವ ಹುಡುಗ ಎಂದು ಯಾವಾಗಲೂ ಎರಡಿಂಚು ಹೆಚ್ಚು ಬಿಡುತ್ತಿದ್ದ.’

ಇಡೀ ಕೇರಳದಲ್ಲಿ ಈ ಮೂರು ಸಾಲುಗಳನ್ನು ಓದಲು ಸಿಕ್ಕಿದವರು ನಮ್ಮೂರಿನವರೇ ಆಗಬೇಕಿತ್ತೇ?

‘ಸರ್, ಇದನ್ನು ಹಿಂದಕ್ಕೆ ಪಡೆಯಬಹುದಾ? ಟೂರಿಸಂ ಎಂದು ಬರೆದುಕೊಡುತ್ತೇನೆ.’

‘ಎಂತಕ್ಕೆ? ಶುದ್ಧ ಕನ್ನಡ. ಒಂದು ತಪ್ಪಿಲ್ಲ. ನಾನು ಅನುವಾದ ಮಾಡಿ ಆಯಿತು, ಮೂರು ಪ್ರತಿ.’ ಅವರು ಕಾಗದಗಳನ್ನು ನೇರ ಜೋಡಿಸಿದರು. ‘ಅಪ್ಪನಿಗೆ ಗೊತ್ತುಂಟಾ?’

‘ಇಲ್ಲ.’

‘ಓಹೋ. ಸರ್ಕಾರಕ್ಕೆ ಮೊದಲು, ಅಪ್ಪನಿಗೆ ಆಮೇಲೆ. ಹಾಗಾ?’

ಅವರು ಅರ್ಜಿಯನ್ನು ಕಡತದೊಳಗೆ ಸೇರಿಸಿದರು.

‘ನಾನು ಹೇಳುವುದಿಲ್ಲ, ಹೆದರಬೇಡ. ಕಡತದ ಮಾತು ಕಡತದಲ್ಲಿ. ಆದರೆ ನಾನು ಓಣಂ ರಜೆಗೆ ಊರಿಗೆ ಹೋಗುವವ. ಅವನ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ನಡೆಯುವ ಹಾಗೆ ಮಾಡಬೇಡ.’

ಹೊರಗೆ ಬಂದು, ಆವರಣದ ಬೇವಿನ ಮರದ ಕೆಳಗೆ ನಿಂತು ಮನೆಗೆ ಫೋನ್ ಮಾಡಿದೆ. ಹೇಗೆ ಆರಂಭಿಸಲಿ? ಇಂಥ ವಿಷಯ ಹೇಳಲು ನನಗೆ ಬರುವುದಿಲ್ಲ. ಕಾಗದ ಓದಿ ಹೇಳಲು ಮಾತ್ರ ಬರುತ್ತದೆ.

‘ಅಪ್ಪ, ಒಂದು ಕಾಗದ ಉಂಟು. ಓದುತ್ತೇನೆ.’

ಒಂದನೇ ಕಾಲಮಿನಿಂದ ಓದಿದೆ. ಹೆಸರು, ಹುದ್ದೆ, ಹೋಗುವ ದೇಶ. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಹನ್ನೊಂದನ್ನು ಓದಿ ಮುಗಿಸುವಾಗ ಅದು ನಿಂತಿತು.

‘ಹನ್ನೊಂದು ಇನ್ನೊಮ್ಮೆ ಓದು.’

ಓದಿದೆ. ಅಪ್ಪ ಕೇಳಿದರು: ‘ಇದನ್ನು ಬರೆಯದೆ ಬಿಡಬಹುದಿತ್ತಾ?’

‘ಬಿಡಬಹುದಿತ್ತು. ಎಲ್ಲರೂ ಗೆರೆ ಎಳೆಯುತ್ತಾರಂತೆ.’

‘ನೀನು ಎಳೆಯಲಿಲ್ಲ.’

‘ಇಲ್ಲ. ಆದರೆ ನಿಮಗೆ ಮೊದಲು ಹೇಳಲಿಲ್ಲ. ಅದು ತಪ್ಪಾಯಿತು.’

‘ಆಯಿತು,’ ಎಂದರು ಅಪ್ಪ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡರು.

‘ಎಂತ ತಿಂತಾನೆ ಅವ? ಮೀನು ತಿಂತಾನಾ?’

‘ಇಲ್ಲಮ್ಮ. ಜೋಳದ ರೊಟ್ಟಿ.’

‘ಅಯ್ಯೋ ದೇವರೇ! ಸಮುದ್ರದ ಬದಿಯಲ್ಲಿ ಕೆಲಸ, ಮೀನು ತಿನ್ನುವುದಿಲ್ಲವಾ?’

ಹಿಂದಿನಿಂದ ಅಪ್ಪನ ಸ್ವರ ಕೇಳಿಸಿತು. ‘ಅವಳೊಬ್ಬಳೇ ಹೋಗುವುದು ಬೇಡ ಎಂದು ಹೇಳು. ನಾವೂ ಹೋಗುವ. ರೈಲಿನ ದಾರಿಗಿಂತ ವಿಮಾನದಲ್ಲಿ ಹತ್ತಿರವಂತೆ, ಅಲ್ವಾ.’

ಇಬ್ಬರ ಭೇಟಿಗೆಂದು ಮಾಡಿದ ಯೋಜನೆ ನಾಲ್ವರದಾಯಿತು. ಅಪ್ಪ-ಅಮ್ಮ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಗಿರೀಶರು ಕಂಪನಿಯಿಂದ ಇನ್ನೊಂದು ತಿಂಗಳ ಗಡುವು ಕೇಳಿ ಪಡೆದರು. ನನ್ನ ಅನುಮತಿ ಬಂತು, ಶ್ರೀಪತಿ ಸರ್ ಅವರ ಅನುವಾದದ ಒಂದು ಪ್ರತಿಯೊಂದಿಗೆ. ಮಲಯಾಳದಲ್ಲಿ ನನ್ನ ಪ್ರೀತಿ ನನಗೇ ಹೆಚ್ಚು ಗಂಭೀರವಾಗಿ ಕಂಡಿತು.

ಮೊನ್ನೆ ವೀಸಾಕ್ಕೆಂದು ಅಪ್ಪನ ವಿವರಗಳನ್ನು ತುಂಬುತ್ತಿದ್ದೆ. ಪ್ರಯಾಣದ ಉದ್ದೇಶವೇನೆಂದು ಫೋನಿನಲ್ಲಿ ಕೇಳಿದೆ. ‘ತಿರುಗಾಟ ಎಂದು ಹಾಕಬೇಡ, ನಾವು ತಿರುಗಲಿಕ್ಕೆ ಹೋಗುವುದಲ್ಲ,’ ಎಂದರು. ‘ಹುಡುಗನ ಅಳತೆ ತೆಗೆಯಲಿಕ್ಕೆ ಎಂದು ಬರೆ.’ (ಪರದೆಯಲ್ಲಿ ಅಂಥ ಆಯ್ಕೆಯಿಲ್ಲ. ‘ಪರಿಚಿತರ ಭೇಟಿ’ ಎಂಬುದನ್ನು ಒತ್ತಿ, ಹಾಗೆ ಒತ್ತಿದ್ದನ್ನೂ ಅವರಿಗೆ ಓದಿ ಹೇಳಿದೆ.)

ಮುಂದಿನ ವಾರ ಹೊರಡುತ್ತೇವೆ. ತೀರ್ಮಾನ ಇನ್ನೂ ಆಗಿಲ್ಲ, ಹನ್ನೊಂದನೇ ಕಾಲಂ ಈಗಲೂ ಸತ್ಯವಾಗಿಯೇ ಇದೆ. ಮನೆಯಲ್ಲಿ ಬದಲಾದದ್ದು ಇಷ್ಟು: ಮದುವೆ ದಲ್ಲಾಳಿಯ ಬಳಿ ಇದ್ದ ನನ್ನ ಜಾತಕ ಕಪಾಟಿಗೆ ಮರಳಿದೆ. ಅಪ್ಪ ಗಿರೀಶರೊಂದಿಗೆ ಭಾನುವಾರಗಳಂದು ಫೋನಿನಲ್ಲಿ ಮಾತನಾಡುತ್ತಾರೆ, ಆಮೇಲೆ ‘ಅವನ ಕನ್ನಡ ಅರ್ಧ ಅರ್ಥವಾಗಲಿಲ್ಲ’ ಎನ್ನುತ್ತಾರೆ. ಮನೆಗೆ ಬಂದ ಕಾಗದಗಳನ್ನು ಮಾತ್ರ ಓದುತ್ತಿದ್ದ ನಾನು, ಈಗ ನಾನು ಬರೆದದ್ದನ್ನೂ ಓದಿ ಹೇಳುತ್ತೇನೆ.

ಈ ಅಂಕಣವನ್ನೂ, ನಿಮಗಿಂತ ಮೊದಲು, ಅಪ್ಪ-ಅಮ್ಮನೇ ಕೇಳಿದ್ದು.