ಸೆಲ್ವಿಯಕ್ಕನ ಕೈಗೆ ಕಟ್ಟಿದ ವಾಚು

ಬೈಯುವವರು ಬೈದುಬಿಡಿ ಗೆಳೆಯರೇ, ಹೇಳಿಯೇ ಬಿಡುತ್ತೇನೆ. ಈ ತಿಂಗಳು ನಮ್ಮ ಆಫೀಸಿನಲ್ಲಿ ಆರೋಗ್ಯಕ್ಕಾಗಿ ನಡಿಗೆಯ ಸ್ಪರ್ಧೆ. ಹೆಜ್ಜೆ ಎಣಿಸುವ ವಾಚನ್ನು ಎಲ್ಲರಿಗೂ ಕೊಟ್ಟಿದ್ದಾರೆ. ನಾನು ನನ್ನದನ್ನು ಮನೆಗೆಲಸದ ಸೆಲ್ವಿಯಕ್ಕನ ಕೈಗೆ ಕಟ್ಟಿದ್ದೆ. ಅವರು ಹಲಸೂರಿನಿಂದ ಇಂದಿರಾನಗರಕ್ಕೆ ನಡೆದೇ ಬಂದು, ನಾಲ್ಕು ಮನೆ ಗುಡಿಸಿ ಒರೆಸುವವರು. ಹದಿನೈದು ದಿನದಿಂದ ಮೊದಲ ಸ್ಥಾನ ನನ್ನದೇ!

ಇವತ್ತು ಬೆಳಿಗ್ಗೆ ಅಕ್ಕ ನೆಲ ಒರೆಸುತ್ತಿದ್ದವರು ಮಂಡಿ ಹಿಡಿದುಕೊಂಡು ಗೋಡೆಗೆ ಒರಗಿ ಕೂತರು. ನಾನು ಸೋಫಾದಲ್ಲಿ ಕಾಫಿ ಕುಡಿಯುತ್ತಾ ಮೊಬೈಲ್ ನೋಡುತ್ತಿದ್ದೆ. ಬಾಯಿಂದ ಬಂದೇಬಿಟ್ಟಿತು:

"ಅಕ್ಕಾ, ಹೀಗೆ ಕೂತ್ಬಿಟ್ರೆ ಸ್ಟೆಪ್ಸ್ ಕಮ್ಮಿ ಆಗತ್ತೆ."

ಅಕ್ಕ ವಾಚು ಬಿಚ್ಚಿ, ಸೆರಗಿನಲ್ಲಿ ಒರೆಸಿ, ನನ್ನ ಕಾಫಿ ಲೋಟದ ಪಕ್ಕ ಇಟ್ಟರು.

"ನನ್ನ ಓಡಾಡ್ಸೋಕೆ ನಾಲ್ಕು ಮನೆಯವ್ರು ಸಾಕು ಮೇಡಂ. ಇದೊಂದು ಯಾಕೆ ಬೇರೆ?"

"ಸಾರಿ ಅಕ್ಕಾ" ಎನ್ನುವಷ್ಟರಲ್ಲಿ ಅವರು ಮತ್ತೆ ನೆಲ ಒರೆಸುತ್ತಿದ್ದರು.

ಆಮೇಲೆ ದಿನವಿಡೀ ವಾಚು ನನ್ನ ಕೈಯಲ್ಲೇ ಇತ್ತು. ಸಂಜೆಗೆ ಒಟ್ಟು ಆರುನೂರು ಹೆಜ್ಜೆ. ಆಫೀಸಿನ ಗ್ರೂಪಿನಲ್ಲಿ ಮ್ಯಾನೇಜರ್ ಕಾಳಜಿಯಿಂದ ಕೇಳಿದರು: "ಏನ್ರೀ, ಮಂಡಿ ನೋವಾ? ರೆಸ್ಟ್ ತಗೊಳ್ಳಿ."

ನನ್ನ ಮಂಡಿಗೇನು ಧಾಡಿ? ಹದಿನೈದು ದಿನದಿಂದ ಅದನ್ನು ಬಳಸಿಯೇ ಇಲ್ಲ.